ಗೊತ್ತಿಲ್ಲ ಅನ್ನದ ಹನ್ನೆರಡು ಮಂದಿ

ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಒಂದು ಟ್ಯಾಬ್ಲೆಟ್, ಕೊರಳಿಗೆ ಹಾಕಿಕೊಳ್ಳಲು ಒಂದು ಗುರುತಿನ ಚೀಟಿ, ಸಹಿ ಮಾಡಲು ನಾಲ್ಕು ಪುಟದ ಕಾಗದ ಕೊಟ್ಟರು. ಸುಳ್ಳು ಮಾಹಿತಿ ತುಂಬಿದರೆ ಕಾನೂನು ಕ್ರಮ ಜರುಗಿಸಲಾಗುವುದು ಎಂಬ ಸಾಲು ಮೂರನೇ ಪುಟದಲ್ಲಿತ್ತು. ಅದನ್ನು ಓದಿಯೇ ಸಹಿ ಮಾಡಿದೆ. ಸುಳ್ಳು ತುಂಬುವವರು ಬೇರೆ ಯಾರೋ ಇರುತ್ತಾರೆ ಎಂದುಕೊಂಡಿದ್ದೆ.

ಸರ್ವೆ ಹೈದರಾಬಾದಿನ ಒಂದು ಸಂಸ್ಥೆಯದು. ಸಣ್ಣ ಊರುಗಳ ವ್ಯಾಪಾರಸ್ಥರು ತಮ್ಮ ವ್ಯವಹಾರದಲ್ಲಿ ಡೇಟಾ ಬಳಸುತ್ತಾರೆಯೇ, ಅದನ್ನು ನೋಡಿ ಅರ್ಥ ಹೇಳುವ ವಿಶ್ಲೇಷಕರು ಅವರ ಬಳಿ ಇದ್ದಾರೆಯೇ, ಏನು ತರಿಸಬೇಕು ಏನು ಬೇಡ ಎನ್ನುವ ತೀರ್ಮಾನ ಮನುಷ್ಯರದೋ ಕಂಪ್ಯೂಟರಿನದೋ ಎಂದು ತಿಳಿಯುವುದು ಅದರ ಉದ್ದೇಶ. ನಲವತ್ತೆರಡು ಪ್ರಶ್ನೆಗಳಿದ್ದವು. ನನ್ನ ಪಾಲಿಗೆ ನಾರಾಯಣಪೇಟೆ, ಮಕ್ತಲ, ಗದ್ವಾಲ ಬಂದವು. ಬಿ.ಕಾಂ ಮುಗಿಸಿ ಒಂದು ಸೀರೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಾ ಕೂತು ಕೂತು ನನಗೆ ಬೇಸರ ಬಂದಿತ್ತು. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದರು. ನಾರಾಯಣಪೇಟೆಯ ಮನೆಯಲ್ಲಿ ಇದ್ದದ್ದು ನಾನು, ಅತ್ತೆ ಮತ್ತು ಅತ್ತೆಯ ಮಗ್ಗ. ಊರೂರು ತಿರುಗುವ ಕೆಲಸ ಎಂದಾಗ ಅತ್ತೆ ಬೇಡ ಅನ್ನಲಿಲ್ಲ.

ಮೊದಲ ಸಲ ಪ್ರಶ್ನೆ ಕೇಳಿ ರೂಢಿ ಮಾಡಿಕೊಂಡದ್ದು ಅವರ ಮೇಲೆಯೇ. ಅವರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಾನು ಟ್ಯಾಬ್ಲೆಟ್ ಹಿಡಿದು ಎದುರಿಗೆ ಕೂತೆ.

"ಯಾವ ಬಣ್ಣದ ಸೀರಿ ನೇಯಬೇಕು ಅನ್ನೋದನ್ನ ಹೆಂಗ ಠರಾವ್ ಮಾಡ್ತೀರಿ?"

"ನಾ ಎಲ್ಲಿ ಮಾಡ್ತೀನವ್ವಾ? ಸೇಠ್ ಹೇಳ್ತಾನ, ನಾ ನೇಯ್ತೀನಿ."

"ಸೇಠ್‌ಗೆ ಹೆಂಗ ಗೊತ್ತಾಗ್ತೈತ್ರಿ?"

"ಅವಂಗ ಅವನ ಫೋನ್ ಹೇಳ್ತೈತಿ. ಆ ಫೋನಿಗೆ ಯಾರು ಹೇಳ್ತಾರ ಅಂತ ನನಗೇನು ಗೊತ್ತು?"

ಇಬ್ಬರೂ ನಕ್ಕೆವು. ಆ ಕೆಲಸದಲ್ಲಿ ನಾನು ಅಂಜದೆ ಕೇಳಿದ ಪ್ರಶ್ನೆಗಳು ಬಹುಶಃ ಅವಷ್ಟೇ.

ಮರುದಿನದಿಂದ ಅಂಗಡಿಗಳು. ಕೊರಳಲ್ಲಿ ಚೀಟಿ, ಕೈಯಲ್ಲಿ ಯಂತ್ರ ಹಿಡಿದ ಹೆಂಗಸೊಬ್ಬಳು ಒಳಗೆ ಬಂದು "ನಿಮ್ಮ ವ್ಯಾಪಾರದ ಮಾಹಿತಿ ಬೇಕಾಗಿತ್ತು" ಎಂದರೆ ಯಾರಾದರೂ ಏನು ತಿಳಿಯಬೇಕು? ತೆರಿಗೆಯವಳು ಎಂದೇ ತಿಳಿಯುತ್ತಿದ್ದರು. "ನಮ್ದೆಲ್ಲಾ ಬಿಲ್ಲಿನ ಮ್ಯಾಗೇ ಐತ್ರಿ ಮೇಡಮ್" ಎಂದು ನಾನು ಕೂರುವ ಮೊದಲೇ ಕುರ್ಚಿಯ ಧೂಳು ಒರೆಸುತ್ತಾ ಹೇಳುತ್ತಿದ್ದರು. ನನ್ನ ಸ್ಥಿತಿಯೂ ಬೇರೆಯಾಗಿರಲಿಲ್ಲ. ಒಂದು ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ, ಗಿರಾಕಿ ಇಲ್ಲದ ಹೊತ್ತು ನೋಡಿ, ಮೂರನೇ ಸಲಕ್ಕೆ ಮೆಟ್ಟಿಲು ಹತ್ತುತ್ತಿದ್ದೆ. ಯಾರಾದರೂ ಗದರಿದರೆ ಕ್ಷಮಿಸಿ ಎಂದು ಹೊರಬಂದುಬಿಡುತ್ತಿದ್ದೆ. ಪಾತ್ರೆ ಅಂಗಡಿಯ ಒಬ್ಬರು ಮಾತ್ರ ನನ್ನನ್ನು ನಗಿಸಿದರು. ಡೇಟಾ ಬಳಸುತ್ತೀರಾ ಎಂದು ಕೇಳಿದ್ದಕ್ಕೆ, "ಬಳಸ್ದೆ ಏನ್ರಿ? ದಿನಕ್ಕ ಒಂದೂವರಿ ಜಿಬಿ ಬರ್ತೈತಿ, ಮಧ್ಯಾಹ್ನದಾಗ ಮುಗದ ಹೋಗ್ತೈತಿ" ಎಂದರು. ಅದಕ್ಕೆ ಯಾವ ಕಾಲಂ ಇರಲಿಲ್ಲ. 'ಗೊತ್ತಿಲ್ಲ' ಎಂಬುದನ್ನು ಒತ್ತಿದೆ.

ಹಾಗೂ ಹೀಗೂ ನಾರಾಯಣಪೇಟೆ ಮುಗಿಯಿತು. ಗದ್ವಾಲದ ಸೀರೆ ಅಂಗಡಿಗಳೂ ಮುಗಿದವು. ಉಳಿದದ್ದು ಮಕ್ತಲ. ಅಲ್ಲಿನ ಪಟ್ಟಿಯಲ್ಲಿ ಮೊದಲ ಹೆಸರು ರಾಯಚೂರು ರಸ್ತೆಯಲ್ಲಿ ಊರಿನಾಚೆ ಇದ್ದ ಒಂದು ಹತ್ತಿ ಮಿಲ್ಲಿನದು.

ಹತ್ತಿಯ ಹಂಗಾಮು ಜೋರಾಗಿದ್ದ ದಿನಗಳು. ಮಿಲ್ಲಿನ ಗೇಟಿನಿಂದ ಹೆದ್ದಾರಿಯವರೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಒಳಗೆ ಅಂಗಳದ ತುಂಬ ಮನೆಯೆತ್ತರದ ಹತ್ತಿ ರಾಶಿಗಳು. ಬೀಜ ಬಿಡಿಸುವ ಯಂತ್ರಗಳ ಸದ್ದಿಗೆ ಕಾಲಡಿಯ ನೆಲ ಅದುರುತ್ತಿತ್ತು. ಗೇಟಿನವನು ಮ್ಯಾನೇಜರರ ಕೋಣೆ ತೋರಿಸಿದ.

ಮ್ಯಾನೇಜರು ಐವತ್ತೈದು ದಾಟಿದವರು. ಬಿಳಿ ಅಂಗಿ ಹಾಕಿದ್ದರು. ಹುಬ್ಬಿನ ಮೇಲೆ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. ಕೂರಲು ಹೇಳಿದರು, ನೀರು ತರಿಸಿದರು. ಮೊದಲ ಎಂಟು ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸಿದರು. ಇಂಥ ಮರ್ಯಾದಸ್ಥರು ದಿನಕ್ಕೆ ಇಬ್ಬರು ಸಿಕ್ಕರೆ ಸಾಕು ಎಂದು ನನಗೆ ಅನಿಸಿತು. ಒಂಬತ್ತನೆಯದು ಓದಿದೆ. ಸರಕಿನ ಗುಣ ನಿರ್ಧರಿಸುವುದು ವ್ಯಕ್ತಿಯೋ, ಯಂತ್ರವೋ? ಅವರು ಕಿಟಕಿಯಾಚೆಯ ಹತ್ತಿ ರಾಶಿಗಳ ಕಡೆ ನೋಡಿದರು. ಹತ್ತನೆಯದನ್ನೂ ಓದಿದೆ. ಬರುವ ಒಂದು ವರ್ಷದಲ್ಲಿ ಈ ಕೆಲಸಕ್ಕೆ ದತ್ತಾಂಶ ವಿಶ್ಲೇಷಕರನ್ನು ನೇಮಿಸುವ ಯೋಚನೆ ಇದೆಯೇ?

ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಎದ್ದು ಹೋಗಿ ಬಾಗಿಲು ಹಾಕಿದರು. ಮೇಜಿನ ಈ ಕಡೆ ಬಂದು ನನ್ನ ಕೈಯಿಂದ ಟ್ಯಾಬ್ಲೆಟ್ ಕಸಿದರು.

"ಎವರು ಪಂಪಿಂಚಾರಮ್ಮಾ ನಿನ್ನು?" ಯಾರು ಕಳಿಸಿದರು ಎಂದು ತೆಲುಗಿನಲ್ಲಿ ಕೇಳಿದವರು, ನಾನು ತಡವರಿಸಿದ್ದು ಕಂಡು ಕನ್ನಡಕ್ಕೆ ಬಂದರು. "ಖರೇ ಹೇಳು. ಯಾರು ಕಳಿಸ್ಯಾರ?"

"ಹೈದರಾಬಾದಿನಿಂದರಿ. ಸರ್ವೇರಿ. ಚೀಟಿ ನೋಡ್ರಿ."

ಅವರು ಚೀಟಿಯನ್ನು ನನ್ನ ಕೊರಳಿಂದ ತೆಗೆಸಿಕೊಂಡು ತಿರುಗಿಸಿ ನೋಡಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. "ಇಂಥಾ ಚೀಟಿ ಯಾರು ಬೇಕಾದ್ರೂ ಮಾಡಿಸ್ತಾರ. ಫೋನ್ ಮೇಜಿನ ಮ್ಯಾಲ ಇಡು."

ಇಟ್ಟೆ. ಬಾಗಿಲ ಹೊರಗೆ ಇಬ್ಬರು ಹಮಾಲರನ್ನು ನಿಲ್ಲಿಸಿದರು. ಆಮೇಲೆ ಮಾಲೀಕರ ಮಗನಿಗೆ ಫೋನ್ ಹಚ್ಚತೊಡಗಿದರು. ಲೈನು ಸಿಗಲಿಲ್ಲ. ಮತ್ತೆ ಹಚ್ಚಿದರು. ಗಾಜಿನ ಕಿಟಕಿಯ ಆಚೆ ಟ್ರ್ಯಾಕ್ಟರುಗಳು ತೂಕದ ಕಾಟಾವನ್ನು ಏರಿ ಇಳಿಯುತ್ತಿದ್ದವು. ಯಂತ್ರಗಳ ಸದ್ದಿನಲ್ಲಿ ನಾನು ಕೂಗಿದರೂ ಯಾರಿಗೂ ಕೇಳುವಂತಿರಲಿಲ್ಲ.

ಅವರು ನನ್ನನ್ನು ಮುಟ್ಟಲಿಲ್ಲ, ಕೆಟ್ಟ ಮಾತಾಡಲಿಲ್ಲ. ಇದನ್ನು ನಾನು ಹೇಳಲೇಬೇಕು. ಆದರೆ ಊರಿನಾಚೆಯ ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ಕೂತ ಹೆಂಗಸಿನ ತಲೆಯಲ್ಲಿ ಏನೇನು ಬರುತ್ತದೋ ಅದೆಲ್ಲ ಬಂದುಹೋಯಿತು. ಮೇಜಿನ ಮೇಲೆ ನನ್ನ ಫೋನ್ ಬಡಿದುಕೊಂಡಿತು. ನಮ್ಮ ಸರ್ವೆಯ ಸೂಪರ್ವೈಸರು. ಕೈ ಚಾಚಿದೆ. "ಮುಟ್ಟಬ್ಯಾಡ" ಎಂದರು. ಚಾಚಿದ ಕೈಯನ್ನು ಹಾಗೇ ಮಡಿಲಿಗೆ ತಂದುಕೊಂಡೆ. ಒಂದು ತಾಸಾದ ಮೇಲೆ ಮೂತ್ರಕ್ಕೆ ಹೋಗಬೇಕಾಯಿತು. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಆ ಇಬ್ಬರಲ್ಲಿ ಒಬ್ಬನನ್ನು ಜೊತೆಗೆ ಕಳಿಸಿಯಾರು ಎಂಬ ಭಯ. ತೊಡೆ ಬಿಗಿಹಿಡಿದು ಕೂತೆ. ಗೋಡೆಯ ಗಡಿಯಾರ ನೋಡುತ್ತಾ ಕೂತೆ.

ಎರಡೂವರೆ ತಾಸು. ಕೊನೆಗೆ ಅವರು ನನ್ನ ಫೋನಿನಿಂದಲೇ ಸೂಪರ್ವೈಸರಿಗೆ ಹಚ್ಚಿದರು. ಇಬ್ಬರೂ ತೆಲುಗಿನಲ್ಲಿ ಕೂಗಾಡಿಕೊಂಡರು. ಏನು ತೀರ್ಮಾನವಾಯಿತೋ, ಟ್ಯಾಬ್ಲೆಟ್ಟನ್ನೂ ಫೋನನ್ನೂ ನನ್ನ ಕಡೆ ತಳ್ಳಿ ಬಾಗಿಲು ತೆರೆದರು. "ಇನ್ನೊಮ್ಮಿ ಈ ಗೇಟಿನ್ಯಾಗ ಕಾಲಿಡಬ್ಯಾಡ."

ಅಂಗಳ ದಾಟುವಾಗ ಓಡಬಾರದು, ಓಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ರಸ್ತೆಗೆ ಬಂದು, ಜಾಲಿ ಗಿಡಗಳ ಮರೆಗೆ ಹೋಗಿ ಕೂತೆ. ಚೀಟಿ ಅವರ ಡ್ರಾಯರಿನಲ್ಲೇ ಉಳಿಯಿತು ಎಂಬುದು ಬಸ್ ಹತ್ತಿದ ಮೇಲೆ ನೆನಪಾಯಿತು.

ಬಸ್ಸಿನಲ್ಲಿದ್ದಾಗ ಸೂಪರ್ವೈಸರು ಮತ್ತೆ ಫೋನ್ ಮಾಡಿದರು. ನಡೆದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡು, "ಆ ಫಾರಂ ಏನಾಯಿತು?" ಎಂದರು. ಮಿಲ್ಲು ಸೇರಿ ಮಕ್ತಲದ ಹನ್ನೆರಡು ಫಾರಂ ಶನಿವಾರದೊಳಗೆ ಬರಬೇಕು, ಇಲ್ಲದಿದ್ದರೆ ನನ್ನ ಮೂರೂ ಊರಿನ ಕೆಲಸ ಅಪೂರ್ಣ ಎಂದು ಬರೆಯುವುದಾಗಿ ಹೇಳಿದರು.

ಮನೆಯಲ್ಲಿ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮಕ್ತಲದಲ್ಲಿ ಇಳಿದೆ. ಪಟ್ಟಿಯಲ್ಲಿದ್ದ ಗೊಬ್ಬರದ ಅಂಗಡಿಯ ಮುಂದೆ ನಿಂತೆ. ಒಳಗೆ ಮೇಜಿನ ಹಿಂದೆ ಬಿಳಿ ಅಂಗಿಯ ಗಂಡಸೊಬ್ಬರು ಕೂತಿದ್ದರು. ಅಷ್ಟು ಸಾಕಾಯಿತು. ತಿರುಗಿ ಬಸ್ ಸ್ಟ್ಯಾಂಡಿಗೆ ಬಂದು ಸಿಮೆಂಟಿನ ಬೆಂಚಿನ ಮೇಲೆ ಕೂತುಬಿಟ್ಟೆ. ಎದೆ ಬಡಿತ ಇಳಿಯಲಿ, ಆಮೇಲೆ ಹೋದರಾಯಿತು ಎಂದುಕೊಂಡೆ. ಇಳಿಯಲಿಲ್ಲ. ಟ್ಯಾಬ್ಲೆಟ್ ತೆಗೆದು ಗೊಬ್ಬರದ ಅಂಗಡಿಯ ಫಾರಂ ತೆರೆದೆ.

ಮೊದಲನೆಯದರಲ್ಲಿ ಒಂದೊಂದು ಉತ್ತರವನ್ನೂ ಎರಡೆರಡು ಸಲ ಅಳಿಸಿ ತುಂಬಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಅದರಲ್ಲಿ ಒಂದು ಬಗೆಯ ಶ್ರದ್ಧೆಯೇ ಬಂದಿತ್ತು. ಎಲ್ಲವೂ ಒಂದೇ ತೆರನಾಗಿದ್ದರೆ ಸಿಕ್ಕಿಬೀಳುತ್ತೇನೆ ಎಂದು ಒಬ್ಬರಿಗೊಂದು ಬಗೆಯ ಉತ್ತರ ಬರೆದೆ. ಗೊಬ್ಬರದವರಿಗೆ ಕಂಪ್ಯೂಟರ್ ಕಲಿತ ಸೊಸೆಯನ್ನು ಕೊಟ್ಟೆ. ಕಿರಾಣಿ ಸಗಟು ವ್ಯಾಪಾರಿ ಹಬ್ಬದ ಮಾರಾಟವನ್ನು ಹಿಂದಿನ ವರ್ಷದ ಅಂಕಿಗಳೊಂದಿಗೆ ಹೋಲಿಸುವಂತೆ ಮಾಡಿದೆ. ಹತ್ತಿ ಮಿಲ್ಲಿಗೆ, ಬರುವ ವರ್ಷ ಖಂಡಿತ ವಿಶ್ಲೇಷಕರನ್ನು ನೇಮಿಸುತ್ತೇವೆ ಎಂದು ಒತ್ತಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹನ್ನೆರಡೂ ಮುಗಿದವು. 'ಸಲ್ಲಿಸಿ' ಎಂಬುದನ್ನು ಒತ್ತಿದಾಗ ಒಂದು ಹಸಿರು ಗುರುತು ಬಂತು. ನಾನು ಬಾಳೆಹಣ್ಣು ಕೊಂಡು ತಿಂದು ಮನೆಗೆ ಬಂದೆ.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೆಣ್ಣು ದನಿ, ಅದೂ ಕನ್ನಡ.

"ಅಕ್ಕಾರ, ನಾನು ಹೈದರಾಬಾದ್ ಆಫೀಸಿನಿಂದ. ನೀವೆಲ್ಲಾ ಕಳಿಸಿದ ಫಾರಂ ನೋಡೋ ಕೆಲಸ ನಂದು. ಬರೋ ವಾರ ಗದ್ವಾಲಕ್ಕ ಬರ್ತೀನಿ. ಎರಡ ದಿನ ನಿಮ್ಮ ಜೋಡಿ ತಿರಗಬೇಕು. ಗದ್ವಾಲ ಆದಮ್ಯಾಲೆ ಮಕ್ತಲ."

"ಆಯ್ತ್ರಿ" ಎಂದೆ.

ಮಾಹಿತಿಯ ವಿಶ್ಲೇಷಕರು ಇದ್ದಾರೆಯೇ ಎಂದು ಊರೆಲ್ಲ ಕೇಳುತ್ತಾ ತಿರುಗಿದ್ದೆ. ಅಂಥವರೊಬ್ಬರು ನನ್ನ ಫಾರಂಗಳನ್ನೂ ನೋಡುತ್ತಾ ಕೂತಿರಬಹುದು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಆ ವಾರವೆಲ್ಲ ನನಗೆ ಒಂದೇ ಕೆಲಸ. ಪೆಟ್ಟಿಗೆಯಿಂದ ಆ ನಾಲ್ಕು ಪುಟದ ಕಾಗದ ತೆಗೆದು ಮೂರನೇ ಪುಟವನ್ನು ಓದುತ್ತಿದ್ದೆ, ಮಡಚಿಡುತ್ತಿದ್ದೆ, ಮತ್ತೆ ತೆಗೆಯುತ್ತಿದ್ದೆ. ಕಾನೂನು ಕ್ರಮ ಎಂದರೆ ಪೊಲೀಸರೇ ಮನೆಗೆ ಬರುತ್ತಾರೆಯೇ? ಓಣಿಯಲ್ಲಿ ಮೋಟಾರ್ ಸೈಕಲ್ ನಿಂತರೆ ಕಿಟಕಿಯ ಹತ್ತಿರ ಹೋಗುತ್ತಿದ್ದೆ. ಫೋನ್ ಬಡಿದುಕೊಂಡರೆ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದೆ. ಪುಣೆಯಿಂದ ಗಂಡ ಮಾತಾಡಿದಾಗಲೂ ಎಲ್ಲ ಚೆನ್ನಾಗಿದೆ ಎಂದೆ. ಅತ್ತೆ ಎರಡು ಸಲ ಕೇಳಿದರು, "ಯಾಕವ್ವಾ, ಮೈಯಾಗ ಆರಾಮಿಲ್ಲೇನು?" ಕೆಲಸದ ದಣಿವು ಎಂದು ಹೇಳಿ ತಪ್ಪಿಸಿಕೊಂಡೆ.

ಭಯದಲ್ಲಿ ಇನ್ನೊಂದು ದಡ್ಡತನವನ್ನೂ ಮಾಡಿದೆ. ಮಕ್ತಲಕ್ಕೆ ಹೋಗಿ ಆ ಗೊಬ್ಬರದ ಅಂಗಡಿ ಹತ್ತಿದೆ. ಯಾರಾದರೂ ಬಂದು ಕೇಳಿದರೆ ಸರ್ವೆಯವಳು ಬಂದಿದ್ದಳು ಎಂದು ಹೇಳಿಬಿಡಿ ಎಂದು ಕೈಮುಗಿದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. ನಾಲ್ಕೈದು ಗಿರಾಕಿಗಳು ನಿಂತಿದ್ದರು.

"ನೀವು ಬಂದಿದ್ದಿಲ್ಲಲ್ರಿ."

"ಬಂದಿದ್ದಿಲ್ರಿ. ಬಂದಿದ್ರು ಅಂತ ಅನ್ರಿ, ಅಷ್ಟ."

"ಬಾರದವರನ್ನ ಬಂದಾರ ಅಂತ ನಾ ಯಾಕ ಅನ್ನಬೇಕ್ರಿ? ನಾಳೆ ನನ್ನ ಕೊರಳಿಗೆ ಬಂದ್ರ?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದರು. ಗಿರಾಕಿಗಳೆಲ್ಲ ನನ್ನ ಕಡೆ ತಿರುಗಿದ್ದರು. ಮುಖ ಎಲ್ಲಿಡಲಿ ಎಂದು ತಿಳಿಯದೆ ಇಳಿದು ಬಂದೆ. ಹೇಳಲು ಏನು ಸುಳ್ಳು ಉಳಿದಿದೆ ಎಂದು ಹುಡುಕುತ್ತಾ ಬಸ್ಸಿನಲ್ಲಿ ನಾರಾಯಣಪೇಟೆಯವರೆಗೂ ನಿಂತೇ ಬಂದೆ. ಸೀಟು ಖಾಲಿ ಇದ್ದವು.

ಆಫೀಸಿನ ಹುಡುಗಿ ಗದ್ವಾಲದಲ್ಲಿ ರೈಲಿನಿಂದ ಇಳಿದಳು. ನನಗಿಂತ ಆರೇಳು ವರ್ಷ ಚಿಕ್ಕವಳು. ಸಣ್ಣ ಆಳು, ಬೆನ್ನಿಗೆ ದೊಡ್ಡ ಚೀಲ, ಕೈಯಲ್ಲಿ ಒಂದು ನೋಟ್‌ಬುಕ್ಕು. ತಾಯಿಯ ತವರು ರಾಯಚೂರು ಎಂದಳು. ಪೊಲೀಸರಂಥ ಯಾರನ್ನೋ ನೆನೆದುಕೊಂಡು ನಿಂತಿದ್ದ ನನಗೆ ಅವಳನ್ನು ಕಂಡು ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅವಳು ಮೆತ್ತಗೆ ಮಾತಾಡಿದಷ್ಟೂ ನನಗೆ ಹೆಚ್ಚು ಅಂಜಿಕೆಯಾಯಿತು.

ಗದ್ವಾಲದಲ್ಲಿ ನಾಲ್ಕು ಅಂಗಡಿಗೆ ಹೋದೆವು. ಎಲ್ಲವೂ ನಾನು ನಿಜವಾಗಿ ಹೋಗಿದ್ದ ಅಂಗಡಿಗಳು. "ಈ ಅಕ್ಕಾ ಬಂದಿದ್ರಲ್ಲ, ಭಾಳ ಪ್ರಶ್ನೆ ಕೇಳಿ ತಲಿ ತಿಂದ್ರು" ಎಂದು ಒಬ್ಬ ಸೀರೆ ವ್ಯಾಪಾರಿ ನಕ್ಕರು. ಅವಳೂ ನಕ್ಕಳು, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಪ್ರತಿ ಸಲ ಅವಳು ಬರೆಯುವಾಗ ಕಣ್ಣು ಓರೆ ಮಾಡಿ ನೋಡುತ್ತಿದ್ದೆ. ಅಕ್ಷರ ಬಹಳ ಸಣ್ಣವು.

ಅವಳು ಗದ್ವಾಲದಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ನಾನು ಹೋಗಿ ಕೂಡಿಕೊಂಡೆ, ಇಬ್ಬರೂ ಮಕ್ತಲದ ಕಡೆಯ ಬಸ್ ಹತ್ತಿದೆವು. ಜೂರಾಲ ಅಣೆಕಟ್ಟಿನ ಮೇಲೆ ಬಸ್ ನಿಧಾನವಾಯಿತು. ಎದುರಿನಿಂದ ಕಬ್ಬಿನ ಲಾರಿ ಬರುತ್ತಿತ್ತು. ಕೆಳಗೆ ಕೃಷ್ಣೆಯ ನೀರು ಹರಡಿಕೊಂಡಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಆ ಗೊಬ್ಬರದ ಅಂಗಡಿಯವರು ಇವಳೆದುರಿಗೆ ಅದೇ ಮಾತನ್ನು ಹೇಳುತ್ತಾರೆ. ಅದನ್ನು ಇನ್ನೊಮ್ಮೆ ಕೇಳಿಸಿಕೊಂಡು ಬದುಕಿರಲು ನನ್ನಿಂದ ಆಗದು ಅನಿಸಿತು. ನನಗೆ ಅರಿವಾಗುವ ಮೊದಲೇ ಬಾಯಿ ಬಿಟ್ಟಿದ್ದೆ.

"ಮಕ್ತಲಕ್ಕ ಹೋಗೋದು ಬ್ಯಾಡ್ರಿ. ಅಲ್ಲಿವು ಹನ್ನೆರಡೂ ಸುಳ್ಳ. ನಾ ಬಸ್ ಸ್ಟ್ಯಾಂಡಿನ್ಯಾಗ ಕುಂತು ಬರದೀನಿ."

ಅವಳು ನನ್ನ ಕಡೆ ತಿರುಗಲಿಲ್ಲ. "ಗೊತ್ತೈತಿ ಅಕ್ಕಾ" ಎಂದಳು.

ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

"ಹೆಂಗ ಗೊತ್ತಾತ್ರಿ?"

"ಒಂದೇ ಜಾಗದಿಂದ, ಒಂದೇ ಮುಂಜಾನಿ ಬಂದಿದ್ವು. ಅದನ್ನ ಮಷೀನೇ ಹೇಳಿತ್ತು. ಆದ್ರ ಅದಕ್ಕೂ ಮೊದಲ ನನಗ ಸಂಶಯ ಬಂದಿತ್ತು." ಅವಳು ನೋಟ್‌ಬುಕ್ಕು ತೆರೆದಳು. "ನಿಮ್ಮ ಬ್ಯಾರೆ ಫಾರಂನ್ಯಾಗ ಮಂದಿ ಎಷ್ಟ ಸಲ 'ಗೊತ್ತಿಲ್ಲ' ಅಂದಾರ ನೋಡ್ರಿ. ಎಲ್ಲಾರೂ ಎಲ್ಯರ ಒಂದ ಕಡೆ ಅಂದೇ ಅಂದಾರ. ಈ ಹನ್ನೆರಡು ಮಂದಿ ಒಮ್ಮೆನೂ ಅಂದಿಲ್ಲ. ಕೇಳಿದ್ದಕ್ಕೆಲ್ಲಾ ಉತ್ತರ. ಅಂಥಾ ಮಂದಿ ನನಗ ಎಲ್ಲೂ ಸಿಕ್ಕಿಲ್ಲಕ್ಕಾ."

ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ. ನನಗೆ ಅಳು ಬಂತು.

"ಯಾಕ ಮಾಡಿದ್ರಿ?" ಎಂದು ಕೇಳಿದಳು. ಮಿಲ್ಲಿನ ಕೋಣೆಯ ಕತೆ ಹೇಳಿದೆ. ಬಾಗಿಲು, ಹಮಾಲರು, ಫೋನು, ಗಡಿಯಾರ, ಜಾಲಿ ಗಿಡ, ಎಲ್ಲವನ್ನೂ ಹೇಳಿದೆ. ಅಲ್ಲಿಯವರೆಗೆ ಇಷ್ಟನ್ನು ಯಾರಿಗೂ ಹೇಳಿರಲಿಲ್ಲ. ಅವಳು ಈಗ ಪೂರ್ತಿ ನನ್ನ ಕಡೆ ತಿರುಗಿ ಕೂತಿದ್ದಳು.

"ಸೂಪರ್ವೈಸರಿಗೆ ಹೇಳಿದ್ರಾ?"

"ಹೇಳಿದೆ. ಫಾರಂ ಏನಾತು ಅಂದ್ರು."

ಅದನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಹೇಳಿದಳು, "ಹನ್ನೆರಡೂ ಅಳಿಸಬೇಕಾಗ್ತೈತಿ. ಯಾಕ ಅಳಿಸಿದೆ ಅಂತ ನಾ ಬರೀಲೇಬೇಕು. ನಿಮ್ಮ ಮ್ಯಾಲೆ ಏನು ಮಾಡ್ತಾರೋ ನನ್ನ ಕೈಯಾಗಿಲ್ಲ. ಸುಳ್ಳ ಹೇಳಂಗಿಲ್ಲ ನಿಮಗ. ಆದ್ರ ಇವತ್ತು ನಾ ಜೋಡಿ ಅದೀನಿ. ಹೊಸದಾಗಿ ಮಾಡಾಕ ಬರ್ತೀರೇನು?"

ಒಲ್ಲೆ ಎನ್ನಬೇಕೆಂದೇ ಇತ್ತು. ತಲೆ ಆಡಿಸಿದ್ದು ಮಾತ್ರ ಹೂಂ ಎಂದು.

ಗೊಬ್ಬರದ ಅಂಗಡಿಯವರು ನನ್ನನ್ನು ಕಂಡವರೇ ಕುರ್ಚಿಯಿಂದ ಎದ್ದರು. "ಆವತ್ತು ಬಂದಿದ್ದಿಲ್ಲರಿ, ಇವತ್ತು ಬಂದೀನಿ. ಇದನ್ನ ಹೇಳಬಹುದಲ್ರಿ?" ಎಂದೆ. ಅವರಿಗೆ ಸೊಸೆಯೇ ಇರಲಿಲ್ಲ. ಮಗನಿಗಿನ್ನೂ ಹೆಣ್ಣು ನೋಡುತ್ತಿದ್ದರು. ಯಾವ ಬೀಜ, ಯಾವ ಗೊಬ್ಬರ ತರಿಸಬೇಕೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದಾಗ, ಹಿಂದಿನ ದಿನ ಯಾರು ಏನು ಕೇಳಿ ಸಿಗದೆ ಹಿಂದಿರುಗಿದರೋ ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ ಎಂದರು. ಕ್ಯಾಲೆಂಡರ್ ತೋರಿಸಿದರು. ಹಾಳೆಯ ತುಂಬ ಸಣ್ಣ ಸಣ್ಣ ಗುರುತುಗಳು. ಹುಡುಗಿ ಅದನ್ನು ಬಹಳ ಹೊತ್ತು ನೋಡಿದಳು. "ಇದೂ ನಾ ಮಾಡೋ ಕೆಲಸನೇ ಅಕ್ಕಾ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಬಸ್ ಸ್ಟ್ಯಾಂಡಿನಲ್ಲಿ ಕೂತು ಇನ್ನೂ ನೂರು ಫಾರಂ ತುಂಬಿದ್ದರೂ ನನಗೆ ಆ ಕ್ಯಾಲೆಂಡರ್ ಹೊಳೆಯುತ್ತಿರಲಿಲ್ಲ.

ಸಂಜೆಯೊಳಗೆ ಏಳು ಮುಗಿದವು. ಅವಳು ಒಂದು ದಿನ ಹೆಚ್ಚಿಗೆ ಉಳಿದಳು. ಮರುದಿನ ಮಧ್ಯಾಹ್ನಕ್ಕೆ ಉಳಿದ ನಾಲ್ಕೂ ಆದವು. ಪ್ರತಿ ಬಾಗಿಲಲ್ಲೂ ಒಂದು ಕ್ಷಣ ನಿಲ್ಲುತ್ತಿದ್ದೆ. ಪಕ್ಕದಲ್ಲಿ ಇನ್ನೊಬ್ಬಳು ನಿಂತಿದ್ದಾಳೆ ಎಂಬುದೊಂದೇ ನನ್ನನ್ನು ಮೆಟ್ಟಿಲು ಹತ್ತಿಸಿತು.

ಉಳಿದದ್ದು ಮಿಲ್ಲು. "ನಿರಾಕರಿಸಿದರು ಅಂತ ಬರದು ಬಿಡೋಣು" ಎಂದಳು. ಆದರೆ ಕೆಲಸ ಒಪ್ಪಿಸುವಾಗ ಗುರುತಿನ ಚೀಟಿಯನ್ನು ಹಿಂದಿರುಗಿಸಬೇಕಿತ್ತು, ಅದು ಅವರ ಡ್ರಾಯರಿನಲ್ಲಿತ್ತು. ನನ್ನ ಫೋಟೋ, ನನ್ನ ಹೆಸರು ಆ ಕೋಣೆಯಲ್ಲಿ ಬೀಗದೊಳಗೆ ಇದೆ ಎಂಬುದು ಅಷ್ಟು ದಿನವೂ ನನ್ನನ್ನು ಕಾಡಿತ್ತು. ಹೋಗೋಣ ಎಂದು ನಾನೇ ಹೇಳಿದೆ. ಹೇಳಿದ ಮೇಲೆ, ಗೇಟಿನವರೆಗಿನ ದಾರಿಯಲ್ಲಿ ಎರಡು ಸಲ ನಿಂತೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು.

ಮ್ಯಾನೇಜರು ಅಂಗಳದಲ್ಲೇ ಇದ್ದರು. ನನ್ನನ್ನು ಕಂಡು ನಿಂತಲ್ಲೇ ನಿಂತರು. ನಾನು ಕಾಯುತ್ತಿದ್ದ ಕೂಗು ಬರಲಿಲ್ಲ. ಕೋಣೆಗೆ ಬನ್ನಿ ಎಂದರು. "ಒಳಗ ಬರಂಗಿಲ್ರಿ" ಎಂದೆ. ಅವರು ಹೋಗಿ ಚೀಟಿ ತಂದುಕೊಟ್ಟರು. ಅದರ ದಾರವನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು.

"ತಪ್ಪಾತ್ರಿ ಮೇಡಮ್, ಆವತ್ತು ಅಂಜಿಸಿಬಿಟ್ಟೆ" ಎಂದರು. ಅವರು ನೋಡುತ್ತಿದ್ದದ್ದು ಹುಡುಗಿಯನ್ನು.

ಎಲ್ಲಿಂದ ಬಂತೋ ಧೈರ್ಯ. "ಅವರನ್ನಲ್ರಿ, ನನ್ನ ಅಂಜಿಸಿದ್ದು. ನನಗ ಹೇಳ್ರಿ" ಎಂದೆ.

ಅವರು ನನ್ನ ಕಡೆ ತಿರುಗಿದರು. "ನಿನಗ ಹೇಳ್ತೀನವ್ವಾ. ತಪ್ಪಾತು" ಎಂದರು. ಆಮೇಲೆ ರಾಶಿಯಿಂದ ಒಂದು ಹಿಡಿ ಹತ್ತಿ ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆದರು. "ಇದು ರಾಜೋಳಿ ಕಡಿಂದು. ನಿನ್ನೆ ಬಿಡಿಸ್ಯಾರ, ಇನ್ನೂ ಹಸಿ ಐತಿ. ಎಳಿ ಛಲೋ ಐತಿ. ಇಪ್ಪತ್ತೇಳು ವರ್ಷ ಆತು, ಇಲ್ಲಿಗೆ ಬಂದ ಹತ್ತಿಗೆಲ್ಲಾ ಹಿಂಗ ಹೇಳಿ ದರ ಕಟ್ಟಿಸೀನಿ. ಸಾವ್ಕಾರ್ರ ಮಗ ಮಷೀನ್ ತರಿಸ್ಯಾನ. ಅದರ ಮುಂದ ಕುಂದ್ರಾಕ ಡೇಟಾ ಓದಿದವ್ರು ಬರ್ತಾರ, ಮೊದಲ ಬಂದು ನನ್ನ ಕಡಿಂದ ಎಲ್ಲಾ ಕೇಳಿ ತಿಳ್ಕೊಂತಾರ ಅಂದಿದ್ದ. ನೀ ಬಂದು ಕುಂತು ಅದನ್ನೇ ಕೇಳಾಕ ಹತ್ತಿದಿ. ನನ್ನ ಕೆಲಸ ತಗೊಳ್ಳಾಕ ಬಂದಾಳ ಅಂತ ತಿಳದೆ. ನಾ ಯಾರನ್ನೂ ಕಳಿಸಿಲ್ಲ ಅಂತ ಅವ ಹೇಳಿದ್ದು ಮರುದಿನ."

ನನಗೆ ಅವರ ಮೇಲೆ ಕರುಣೆ ಬಂತು ಎಂದು ಬರೆದರೆ ಪೂರ್ತಿ ನಿಜವಾಗದು. ಅವರ ಅಂಜಿಕೆ ನನಗೆ ಅರ್ಥವಾಯಿತು. ಆದರೆ ಅವರು ತಮ್ಮ ಅಂಜಿಕೆಯನ್ನು ತೀರಿಸಿಕೊಂಡದ್ದು ನನ್ನನ್ನು ಬಾಗಿಲು ಹಾಕಿ ಕೂಡಿಸಿ. ಎರಡೂ ಒಟ್ಟಿಗೇ ಮನಸ್ಸಿನಲ್ಲಿದ್ದವು, ಈಗಲೂ ಇವೆ.

ಅಂಗಳದಲ್ಲಿ ನಿಂತೇ ನಲವತ್ತೆರಡು ಪ್ರಶ್ನೆ ಕೇಳಿದೆ. ಹತ್ತನೆಯದಕ್ಕೆ ಅವರು ಕಿಟಕಿಯ ಒಳಗೆ, ಬಟ್ಟೆ ಹೊದಿಸಿಟ್ಟಿದ್ದ ಹೊಸ ಯಂತ್ರದ ಕಡೆ ನೋಡಿ, "ನನಗ ಗೊತ್ತಿಲ್ಲವ್ವಾ" ಎಂದರು.

ತಿಂಗಳಾದ ಮೇಲೆ ಸಂಸ್ಥೆಯಿಂದ ಪತ್ರ ಬಂತು. ಪೊಲೀಸರ ಮಾತಿರಲಿಲ್ಲ. ನನ್ನನ್ನು ಅವರ ಕೆಲಸದ ಪಟ್ಟಿಯಿಂದ ತೆಗೆದಿದ್ದರು. ಮುಂದೆ ಊರಿನಾಚೆಯ ಕಾರ್ಖಾನೆಗಳಿಗೆ ಹೆಂಗಸರನ್ನು ಒಬ್ಬರನ್ನೇ ಕಳಿಸಬಾರದೆಂದು ನಿಯಮ ಮಾಡಿದ್ದಾರೆ ಎಂದು ಹುಡುಗಿ ಫೋನಿನಲ್ಲಿ ತಿಳಿಸಿದಳು. ಸೂಪರ್ವೈಸರಿಗೆ ಏನಾಯಿತೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಹಂಗಾಮಿಗೆ ಆ ಮ್ಯಾನೇಜರು ಮಕ್ತಲ ಬಿಟ್ಟು ಶಾಂತಿನಗರದ ಒಂದು ಮಿಲ್ಲಿಗೆ ಹೋದರು ಎಂದು ಗೊಬ್ಬರದ ಅಂಗಡಿಯವರು ಹೇಳಿದರು. ತಾವೇ ಬಿಟ್ಟರೋ, ಬಿಡಿಸಿದರೋ ತಿಳಿಯದು. ನಾನು ಮತ್ತೆ ಸೀರೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿಕೊಂಡೆ.

ಪತ್ರ ಬಂದ ದಿನ ಅತ್ತೆಗೆ ಎಲ್ಲವನ್ನೂ ಹೇಳಿದೆ. ಸುಳ್ಳು ಬರೆದು ಕೆಲಸ ಕಳೆದುಕೊಂಡೆ ಎಂದರೆ ಬೈಯುತ್ತಾರೆ ಎಂದುಕೊಂಡು, ಆ ಭಾಗವನ್ನು ಮೊದಲು ಹೇಳಿ ಮುಗಿಸಿದೆ. ಅವರು ಮಗ್ಗದ ಲಾಳಿ ಎಸೆಯುತ್ತಲೇ ಇದ್ದರು. ಮಿಲ್ಲಿನ ಕೋಣೆಯ ಮಾತು ಬಂದಾಗ ಕೈ ನಿಂತಿತು.

"ಎರಡೂವರಿ ತಾಸು ಕುಂದ್ರಿಸಿದ್ನಾ?"

"ಹೂಂರಿ."

"ಮತ್ತ ಆವತ್ತ ಮನಿಗೆ ಬಂದು ನನ್ನ ಜೋಡಿ ಕುಂತು ರೊಟ್ಟಿ ತಿಂದಿ. ಒಂದ ಮಾತು ಹೇಳಲಿಲ್ಲಲ್ಲವ್ವಾ ನನಗ."

ಅವರು ಮಗ್ಗದ ಗುಂಡಿಯಿಂದ ಮೇಲೆ ಬಂದರು. ಸೂರ್ಯ ಇನ್ನೂ ನೆತ್ತಿಯ ಮೇಲಿದ್ದ, ಅರ್ಧ ನೇಯ್ದ ಅಂಚು ಹಾಗೇ ಇತ್ತು. ನನ್ನ ಪಕ್ಕ ಬಂದು ಗೋಡೆಗೆ ಒರಗಿ ಕೂತರು. ಆ ದಿನ ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ.